ತುಂಬಿ ಬಾರದ ಹೂವಿಗೆ ಬಂದವರು

ಒಂದೇ ಹೆಸರನ್ನು ಇಬ್ಬರಿಗೆ ಇಟ್ಟು, ಮರ್ಯಾದೆಯನ್ನೆಲ್ಲ ಒಬ್ಬರಿಗೇ ಕೊಟ್ಟ ಉದಾಹರಣೆ ಕನ್ನಡದಲ್ಲಿ ಬೇಕಾದರೆ ‘ದುಂಬಿ’ ಎಂಬ ಮಾತನ್ನು ನೋಡಬೇಕು. ಕಾವ್ಯದಲ್ಲಿ ದುಂಬಿಯೆಂದರೆ ಭೃಂಗ, ಭ್ರಮರ, ಹಳಗನ್ನಡದವರ ತುಂಬಿ. ಹೂವಿನಿಂದ ಹೂವಿಗೆ ಝೇಂಕರಿಸುತ್ತ ಹಾರುವ, ಜೇನಿನ ಬಳಗಕ್ಕೆ ಸೇರಿದ ಕಪ್ಪು ಕೀಟ. ಕೃಷಿ ಇಲಾಖೆಯ ಕರಪತ್ರದಲ್ಲಿ ದುಂಬಿಯೆಂದರೆ ಬೇರೆಯೇ. ಅದು ಬೆನ್ನ ಮೇಲೆ ಗಟ್ಟಿ ಚಿಪ್ಪು ಹೊತ್ತ, ಇಂಗ್ಲಿಷಿನವರು ಬೀಟಲ್ ಎನ್ನುವ ಹುಳು. ಮೊದಲನೆಯದಕ್ಕೆ ಪದ್ಯ, ಎರಡನೆಯದಕ್ಕೆ ಔಷಧಿಯ ಸಿಂಪರಣೆ. ಗೊಂದಲವಾಗದಿರಲೆಂದು ಇಲ್ಲಿ ಮೊದಲನೆಯದನ್ನು ತುಂಬಿ ಎಂದೂ, ಎರಡನೆಯದನ್ನು ಚಿಪ್ಪುದುಂಬಿ ಎಂದೂ ಕರೆಯುತ್ತೇನೆ.

ಚಿಪ್ಪುದುಂಬಿ ನಮಗೆ ಅಪರಿಚಿತವೇನಲ್ಲ. ಅದರ ಮುಂದಿನ ಎರಡು ರೆಕ್ಕೆಗಳು ಗಟ್ಟಿಯಾಗಿ ಡಬ್ಬಿಯ ಮುಚ್ಚಳದಂತೆ ಆಗಿರುತ್ತವೆ. ಹಾರುವ ತೆಳುರೆಕ್ಕೆಗಳು ಅದರಡಿಯಲ್ಲಿ ಮಡಿಚಿಟ್ಟ ರೇಷ್ಮೆ ಸೀರೆಯಂತೆ ಭದ್ರವಾಗಿರುತ್ತವೆ. ಅಕ್ಕಿ ಡಬ್ಬಿಯಲ್ಲಿ ಕಾಣುವ ಮೂತಿಹುಳು ಚಿಪ್ಪುದುಂಬಿಯೇ. ಹೆಸರುಕಾಳಿನಲ್ಲಿ ತೂತು ಕೊರೆಯುವುದೂ ಅದೇ ಜಾತಿ. ಮಳೆಗಾಲದ ಮಿಂಚುಹುಳು, ಸಗಣಿಯ ಉಂಡೆ ಉರುಳಿಸುವ ಹುಳು, ಕೆಂಪಿನ ಮೇಲೆ ಕಪ್ಪು ಬೊಟ್ಟಿನ ಗುಲಗಂಜಿ ಹುಳು, ಹಳ್ಳಿಯ ಮಕ್ಕಳು ಜಾಲಿಸೊಪ್ಪು ಹಾಕಿ ಬೆಂಕಿಪೊಟ್ಟಣದಲ್ಲಿ ಸಾಕುವ ಮಿರಮಿರ ಮಿಂಚುವ ಜೀರ್ಜಿಂಬೆ, ಎಲ್ಲವೂ ಒಂದೇ ಮನೆತನದವು. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿರುವ ಚಿಪ್ಪುದುಂಬಿಗಳ ಬಗೆ ಸುಮಾರು 4 ಲಕ್ಷ. ಹೆಸರಿರುವ ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಇವೇ. ಇಷ್ಟು ದೊಡ್ಡ ಮನೆತನದಲ್ಲಿ ಹೂವಿಗೆ ಹೋಗುವವರು, ಪರಾಗ ಹೊರುವವರು ಬೇಕಾದಷ್ಟಿದ್ದಾರೆ. ಆದರೆ ನಮ್ಮ ಇತಿಹಾಸ ಅವರನ್ನು ಆ ಕೆಲಸಕ್ಕಾಗಿ ನೆನೆದದ್ದು ತೀರ ಅಪರೂಪ.

ನೆನೆದದ್ದು ಶತ್ರುವೆಂದು. ಅರಸೀಕೆರೆಯ ಕಡೆ ತೆಂಗೇ ಜೀವಾಳ. ಅಲ್ಲಿ ಯಾವ ತೋಟದ ಯಜಮಾನಿಯನ್ನು ಕೇಳಿದರೂ ಸುಳಿ ಕೊರೆಯುವ ಕುರುವಾಯಿ ಹುಳುವಿನ ಕಥೆ ಹೇಳುತ್ತಾಳೆ. ಮೂಗಿನ ಮೇಲೆ ಖಡ್ಗಮೃಗದಂತೆ ಕೊಂಬಿರುವ ಈ ಚಿಪ್ಪುದುಂಬಿ ತಿಪ್ಪೆಗುಂಡಿಯಲ್ಲಿ ಹುಟ್ಟಿ ಬೆಳೆದು ತೆಂಗಿನ ನೆತ್ತಿಗೆ ಏರುತ್ತದೆ. ಬೇಲೂರು ದಾಟಿ ಮಲೆನಾಡಿನ ಕಡೆ ಹೋದರೆ ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕವಿದೆ, ಅದೂ ಚಿಪ್ಪುದುಂಬಿಯೇ. ಮೈಸೂರು ಸಂಸ್ಥಾನ 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರನ್ನು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ನೇಮಿಸಿಕೊಂಡಿತು. ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದವರೂ ಅವರೇ. ಬೆಳೆಗೆ ಬಂದ ಕೇಡನ್ನು ತಡೆಯುವುದೇ ಅವರ ಕೆಲಸವಾಗಿತ್ತು, ಅದನ್ನು ಅವರು ಚೆನ್ನಾಗಿಯೇ ಮಾಡಿದರು. ತೋಟ ಕಳೆದುಕೊಂಡವರಿಗೆ ಹುಳುವಿನ ಗುಣಗಾನ ಮಾಡಲು ಹೇಳುವುದು ನ್ಯಾಯವಲ್ಲ. ಆದರೆ ಕೆಲವರು ಮಾಡಿದ ಕಳ್ಳತನಕ್ಕೆ ಇಡೀ ಊರನ್ನೇ ಠಾಣೆಯ ಪುಸ್ತಕದಲ್ಲಿ ಬರೆದಿಟ್ಟ ಹಾಗೆ, ಚಿಪ್ಪುದುಂಬಿಯ ಹೆಸರು ನಮ್ಮಲ್ಲಿ ಒಂದೇ ಕಡೆ ಉಳಿಯಿತು.

ಇನ್ನು ಕಲ್ಲಿನ ಪುಸ್ತಕವನ್ನು ನೋಡೋಣ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರ ತಲೆಯ ಮೇಲಿನ ಬಳ್ಳಿಚಪ್ಪರವನ್ನು ಗೈಡುಗಳು ಬೆರಳು ಮಾಡಿ ತೋರಿಸುತ್ತಾರೆ. ಅಂಥ ಒಂದು ಚಪ್ಪರದಲ್ಲಿ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚುವ ಹಲ್ಲಿ. ಉಗುರಿನಷ್ಟು ಜಾಗದಲ್ಲಿ ಒಂದು ಜೀವದ ಆಟವನ್ನೇ ಕಡೆದಿದ್ದಾರೆ. ಇಷ್ಟು ಸೂಕ್ಷ್ಮ ಕಣ್ಣಿನ ಶಿಲ್ಪಿಗಳಿದ್ದ ನಾಡಿನ ಕವಿಗಳ ಕಣ್ಣೂ ಸೂಕ್ಷ್ಮವೇ. ಹರಿಹರ ಮೊದಲು ದ್ವಾರಸಮುದ್ರದ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿ ಲೆಕ್ಕ ಬರೆಯುತ್ತಿದ್ದನೆಂದೂ, ಅದನ್ನು ಬಿಟ್ಟು ಹಂಪೆಗೆ ಹೋದನೆಂದೂ ಐತಿಹ್ಯ. ಅವನ ‘ಪುಷ್ಪರಗಳೆ’ಯಲ್ಲಿ ವಿರೂಪಾಕ್ಷನ ಪೂಜೆಗೆಂದು ನಸುಕಿನಲ್ಲೇ ತೋಟ ಹೊಕ್ಕು ಹೂ ಬಿಡಿಸುವ ಭಕ್ತನನ್ನು ಕಾಣುತ್ತೇವೆ. ದೇವರಿಗೆ ಹೂ ತರುವುದನ್ನೇ ಒಂದು ಕಾವ್ಯದ ವಸ್ತುವಾಗಿ ಮಾಡಿದ ಕವಿ ಅವನು.

ಹೀಗೆ ಹೂವನ್ನು ಬಲ್ಲ ನಮ್ಮ ಹಿಂದಿನ ಕವಿಗಳೆಲ್ಲರೂ ಒಪ್ಪಿಕೊಂಡು ಬಂದ ಒಂದು ಮಾತಿದೆ: ತುಂಬಿ ಸಂಪಿಗೆಯ ಹತ್ತಿರ ಸುಳಿಯುವುದಿಲ್ಲ. ಮಲ್ಲಿಗೆಗೆ ಹೋಗುತ್ತದೆ, ಮಾವಿಗೆ ಹೋಗುತ್ತದೆ, ತಾವರೆಯಲ್ಲಿ ಮೈಮರೆಯುತ್ತದೆ. ಸಂಪಿಗೆಗೆ ಮಾತ್ರ ಬೆನ್ನು ತಿರುಗಿಸುತ್ತದೆ. ಇದು ಸಂಸ್ಕೃತದಿಂದ ದೇಶಭಾಷೆಗಳಿಗೆಲ್ಲ ಹರಿದ ಕವಿಸಮಯ. ಕೃಷ್ಣದೇವರಾಯನ ಆಸ್ಥಾನದ ತೆಲುಗು ಕವಿ ನಂದಿ ತಿಮ್ಮನಿಗೆ ‘ಮುಕ್ಕು ತಿಮ್ಮನ’ ಎಂಬ ಹೆಸರು ಬಂದುದಕ್ಕೂ ಇದೇ ಕಾರಣವೆಂದು ಹೇಳುವ ಕಥೆಯುಂಟು. ಮುಕ್ಕು ಎಂದರೆ ತೆಲುಗಿನಲ್ಲಿ ಮೂಗು. ತುಂಬಿ ತನ್ನ ಬಳಿ ಬಾರದ ದುಃಖಕ್ಕೆ ಸಂಪಿಗೆ ತಪಸ್ಸು ಮಾಡಿ ಹೆಣ್ಣಿನ ಮೂಗಾಗಿ ಹುಟ್ಟಿತು. ಆಮೇಲೆ ಎರಡು ತುಂಬಿಗಳು ಕಣ್ಣುಗಳಾಗಿ ಅದರ ಎರಡು ಪಕ್ಕ ಬಂದು ಕೂತವು ಎಂಬ ಕಲ್ಪನೆಯನ್ನು ಆ ಕಥೆ ಅವನಿಗೆ ಸಲ್ಲಿಸುತ್ತದೆ. ಇಷ್ಟು ಪರಿಮಳದ ಹೂವಿಗೆ ಇಂಥ ಅವಮಾನವೇಕೆ ಎಂದು ಕವಿಗಳು ಮರುಗಿದರು. ಗಂಧ ಅತಿಯಾಯಿತೆಂದರು, ಬಣ್ಣಕ್ಕೆ ಹೆದರಿತೆಂದರು. ಹಾಗಾದರೆ ಈ ಹೂವಿಗೆ ಬರುವವರು ಯಾರು ಎಂಬುದು ಕಾವ್ಯದ ಪ್ರಶ್ನೆಯಾಗಲಿಲ್ಲ.

ಆ ಪ್ರಶ್ನೆ ಕೇಳಿದವರು ಬೇರೆ ಕಡೆಯವರು, ಬಹಳ ತಡವಾಗಿ. ಕೀಟಗಳು ಹೂವಿಗೆ ಬರುವುದು ಬರೀ ಉಣ್ಣುವುದಕ್ಕಲ್ಲ, ಆ ನೆಪದಲ್ಲಿ ಹೂವು ತನ್ನ ಪರಾಗವನ್ನು ಅವುಗಳ ಕೈಲಿ ಕಳಿಸಿಕೊಳ್ಳುತ್ತದೆ ಎಂಬುದನ್ನು ವಿಸ್ತಾರವಾಗಿ ಬರೆದವನು ಜರ್ಮನಿಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಅವನ ಪುಸ್ತಕ ಬಂದದ್ದು 1793ರಲ್ಲಿ, ನಮ್ಮಲ್ಲಿ ಟಿಪ್ಪು ಸುಲ್ತಾನ ಆಳುತ್ತಿದ್ದಾಗ. ಸ್ಪ್ರೆಂಗೆಲ್ ಶಾಲೆಯ ಮುಖ್ಯೋಪಾಧ್ಯಾಯ. ಹೂವಿನ ಹುಚ್ಚಿನಲ್ಲಿ ಶಾಲೆಯ ಕೆಲಸ ಕಡೆಗಣಿಸಿದನೆಂಬ ಆಪಾದನೆಯೂ ಸೇರಿ ಅವನ ಕೆಲಸ ಹೋಯಿತು. ಪುಸ್ತಕವನ್ನೂ ಯಾರೂ ಗಣಿಸಲಿಲ್ಲ. ಅರ್ಧ ಶತಮಾನಕ್ಕೂ ಮೇಲೆ ಡಾರ್ವಿನ್ ಅದನ್ನು ಹೊಗಳಿದ ಮೇಲೆ ಜಗತ್ತು ಅತ್ತ ತಿರುಗಿ ನೋಡಿತು. 1916ರಲ್ಲಿ ಜರ್ಮನಿಯವನೇ ಆದ ಲುಡ್ವಿಗ್ ಡೀಲ್ಸ್, ಸಂಪಿಗೆಯ ನೆಂಟರಂಥ ಪುರಾತನ ಮನೆತನದ ಹೂಗಳನ್ನು ‘ಚಿಪ್ಪುದುಂಬಿಯ ಹೂಗಳು’ ಎಂದೇ ಕರೆದು ಲೇಖನ ಬರೆದ. 1974ರಲ್ಲಿ ಅಮೆರಿಕದ ಲೆನಾರ್ಡ್ ಥೀನ್ ಅಲ್ಲಿಯ ಮ್ಯಾಗ್ನೋಲಿಯಾ ಮರಗಳ ಹೂಗಳನ್ನು ಪರೀಕ್ಷಿಸಿ, ಅವುಗಳ ಪರಾಗ ಹೊರುವ ಮುಖ್ಯರು ಚಿಪ್ಪುದುಂಬಿಗಳೇ ಎಂದು ತೋರಿಸಿದರು. ನಮ್ಮ ಸಂಪಿಗೆಯೂ ಇದೇ ಮ್ಯಾಗ್ನೋಲಿಯಾ ಕುಲದ್ದು.

ಮುಡಿಗೆ ಸಂಪಿಗೆ ಮುಡಿದವರೆಲ್ಲ ಈ ಹೂವನ್ನು ಕೈಯಾರೆ ಬಲ್ಲರು. ದಪ್ಪನೆಯ, ಮಾಂಸಲವಾದ ಎಸಳುಗಳು. ಎಸಳು ಉದುರಿದ ಮೇಲೆ ನಡುವೆ ಉಳಿಯುವ ಹಸಿರು ಕಡ್ಡಿ; ಅದರ ಸುತ್ತ ಸುರುಳಿಯಾಗಿ ಜೋಡಿಸಿದ ಮೊಟ್ಟುಗಳು. ಅವೇ ಮುಂದೆ ಕಾಯಾಗಿ, ಒಡೆದು, ಕೆಂಪು ಬೀಜ ತೋರಿಸುತ್ತವೆ. ತುಂಬಿ ಬಯಸುವ ಮಕರಂದದ ಬಟ್ಟಲು ಈ ಹೂವಿನಲ್ಲಿಲ್ಲ. ಪರಾಗಕ್ಕೆಂದು ಜೇನು ಒಮ್ಮೊಮ್ಮೆ ಬಂದೀತು; ಆದರೆ ರಸಕ್ಕೆಂದು ಬಂದ ತುಂಬಿ ಬರಿಗೈಯಲ್ಲಿ ಹೋಗಬೇಕು. ಕವಿಗಳು ವೈರವೆಂದು ಬಣ್ಣಿಸಿದ್ದು ಒಂದು ಅಡಿಗೆಮನೆಯ ಸತ್ಯ: ಬಡಿಸುವುದಕ್ಕೆ ಇಲ್ಲದ ಮನೆಗೆ ಅತಿಥಿ ಬರಲಿಲ್ಲ, ಅಷ್ಟೆ. ಚಿಪ್ಪುದುಂಬಿಗೆ ಬೇಕಾದ್ದು ಬೇರೆ. ಅದಕ್ಕೆ ಹಣ್ಣಿನಂಥ ಗಾಢ ವಾಸನೆ ಬೇಕು, ಮೇಯಲು ಧಾರಾಳವಾದ ಪರಾಗ ಬೇಕು, ಒರಗಲು ಗಟ್ಟಿ ಎಸಳಿನ ಗೋಡೆ ಬೇಕು. ಅದರ ಕೆಲಸ ಜೇನಿನಷ್ಟು ಚೊಕ್ಕಟವಲ್ಲ. ಅಲ್ಲಿಷ್ಟು ಕಡಿದು, ಇಲ್ಲಿಷ್ಟು ಚೆಲ್ಲಿ, ಮೈಗೆಲ್ಲ ಪರಾಗ ಮೆತ್ತಿಕೊಂಡು, ಅಡಿಗೆಮನೆಗೆ ನುಗ್ಗಿ ಅಮ್ಮನಿಗೆ ಸಹಾಯ ಮಾಡುವ ಮಗುವಿನ ಹಾಗೆ ಓಡಾಡುತ್ತದೆ. ಅದಕ್ಕೇ ಈ ಹೂಗಳು ಎಸಳನ್ನು ದಪ್ಪ ಮಾಡಿಕೊಂಡವು, ಪರಾಗವನ್ನು ಹೆಚ್ಚು ಇಟ್ಟುಕೊಂಡವು.

ಈ ಒಡನಾಟ ಎಷ್ಟು ಹಳೆಯದು? ಮಯನ್ಮಾರಿನ ಮಣ್ಣಿನಲ್ಲಿ ಮರದ ಅಂಟು ಕಲ್ಲಾಗಿ ಸಿಗುತ್ತದೆ. ಅಂಬರ್ ಎಂದು ಅದರ ಹೆಸರು. ಅಂಥ ಒಂದು ತುಂಡಿನೊಳಗೆ 9 ಕೋಟಿ 90 ಲಕ್ಷ ವರ್ಷಗಳ ಹಿಂದೆ ಸಿಕ್ಕಿಹಾಕಿಕೊಂಡ ಪುಟ್ಟ ಚಿಪ್ಪುದುಂಬಿಯೊಂದನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಅದರ ಮೈಗೆ ಅಂಟಿದ್ದ 62 ಪರಾಗದ ಕಣಗಳನ್ನೂ ಎಣಿಸಿದರು. ಹೂವುಗಳೇ ಇಲ್ಲದ ಕಾಲದಿಂದ ಚಿಪ್ಪುದುಂಬಿಗಳು ಭೂಮಿಯ ಮೇಲಿವೆ. ಹೂ ಬಿಡದ ಸೈಕಾಸ್ ಜಾತಿಯ ಗಿಡಗಳ ಪರಾಗವನ್ನು ಹೊತ್ತಿದ್ದ ಒಂದು ಚಿಪ್ಪುದುಂಬಿಯೂ ಅಂಥದೇ ಅಂಬರಿನಲ್ಲಿ ಸಿಕ್ಕಿ 2018ರಲ್ಲಿ ಬೆಳಕಿಗೆ ಬಂತು. ನಾವು 900 ವರ್ಷದ ಗುಡಿಯ ಮುಂದೆ ನಿಂತು ಎಷ್ಟು ಹಳೆಯದು ಎಂದು ಬೆರಗಾಗುತ್ತೇವೆ. ಆ ಗುಡಿಯ ದೇವರಿಗೆ ಏರಿಸುವ ಹೂವಿನ ಹಿಂದೆ ಇರುವ ಕೆಲಸದವರ ವಂಶಾವಳಿ ಅದಕ್ಕಿಂತ ಲಕ್ಷಪಟ್ಟು ಹಳೆಯದು.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ರಾಜಧಾನಿಗೆ ಹೆಸರು ಕೊಟ್ಟ ದ್ವಾರಸಮುದ್ರ ಇಂದಿಗೂ ಕೆರೆಯಾಗಿ ಅಲ್ಲಿದೆ. ಕೆರೆಗಳ ಈ ಸೀಮೆಯಲ್ಲಿ ಶಿಲ್ಪಿಗೆ ತಾವರೆ ದೂರದ್ದಲ್ಲ. ಹೊಯ್ಸಳ ಗುಡಿಗಳ ಭುವನೇಶ್ವರಿಗಳಲ್ಲಿ ಕಲ್ಲಿನ ತಾವರೆ ತಲೆಕೆಳಗಾಗಿ ಅರಳುತ್ತದೆ. ತಾವರೆಯ ವಿಷಯದಲ್ಲೂ ಕವಿಗಳದು ಒಂದು ಪ್ರಸಿದ್ಧ ಕಲ್ಪನೆ: ಸಂಜೆ ಹೂವು ಮುಚ್ಚಿಕೊಂಡಾಗ ಮೈಮರೆತ ತುಂಬಿ ಒಳಗೇ ಸೆರೆಯಾಗಿ, ಬೆಳಗಾಗುವುದನ್ನು ಕಾಯುತ್ತದೆ. 1996ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಸಸ್ಯೋದ್ಯಾನದಲ್ಲಿ ರೋಜರ್ ಸೀಮೋರ್ ಮತ್ತು ಸಂಗಡಿಗರು ತಾವರೆ ಹೂವಿನ ಬಿಸಿಯನ್ನು ಅಳೆದು ಪ್ರಕಟಿಸಿದ್ದು ಈ ಕಲ್ಪನೆಯನ್ನು ಓದಿದವರಿಗೆ ರೋಮಾಂಚನ ತರುವಂಥದು. ಹೊರಗಿನ ಗಾಳಿ 10 ಡಿಗ್ರಿಗೆ ಇಳಿದರೂ ಹೂವು ತನ್ನೊಳಗೆ 30ರಿಂದ 36 ಡಿಗ್ರಿಯ ಬೆಚ್ಚಗನ್ನು ತಾನೇ ಹುಟ್ಟಿಸಿ ಕಾಪಾಡುತ್ತದೆ, ನಮ್ಮ ಮೈಯಂತೆಯೇ. ಈ ಬಿಸಿ ಚಳಿಗೆ ಮರಗಟ್ಟುವ ಚಿಪ್ಪುದುಂಬಿಗಳಿಗೆ ಹೂವು ಕೊಡುವ ಸಂಭಾವನೆ ಎಂಬುದು ಅವರ ಅಭಿಪ್ರಾಯ. ಹಗಲು ತಾವರೆಗೆ ಜೇನೂ ಬರುತ್ತದೆ, ನೊಣವೂ ಬರುತ್ತದೆ. ಆದರೆ ರಾತ್ರಿ ಮುಚ್ಚಿದ ಹೂವಿನ ಬೆಚ್ಚನೆಯ ಕೋಣೆಯಲ್ಲಿ ತಂಗುವ ಅತಿಥಿಯ ಪಾತ್ರಕ್ಕೆ ತುಂಬಿಗಿಂತ ಚಿಪ್ಪುದುಂಬಿಯೇ ಹೆಚ್ಚು ಒಪ್ಪುತ್ತದೆ. ದಕ್ಷಿಣ ಅಮೆರಿಕದ ವಿಕ್ಟೋರಿಯಾ ಎಂಬ ದೈತ್ಯ ನೈದಿಲೆಯಂತೂ ಮೊದಲ ರಾತ್ರಿ ಬೆಳ್ಳಗೆ ಅರಳಿ, ಬಂದ ಚಿಪ್ಪುದುಂಬಿಗಳನ್ನು ಒಳಗಿಟ್ಟು ಮುಚ್ಚಿಕೊಂಡು, ಮರುದಿನ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿ, ಪರಾಗ ಬಳಿದು ಬಿಟ್ಟುಕೊಡುತ್ತದೆ.

ಕೆರೆ, ಗುಡಿಗಳ ಸೀಮೆ ದಾಟಿ ಅರಸೀಕೆರೆಯ ಬಯಲಿಗೆ ಬರೋಣ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಊರು ಇದು. 1220ರ ಈಶ್ವರ ಗುಡಿಯ ನಕ್ಷತ್ರಾಕಾರದ ಮಂಟಪ ಇಲ್ಲಿಯ ಹೆಮ್ಮೆ. ಮಳೆ ಕಡಿಮೆಯಾದ ಇಂಥ ಬಯಲಿನ ಕಲ್ಲುಗುಡ್ಡ, ಬೇಲಿಗಳಿಗೆ ಸೀತಾಫಲ ಹೇಳಿಮಾಡಿಸಿದ ಗಿಡ. ಹೆಸರಿನಲ್ಲಿ ಸೀತೆಯಿದ್ದರೂ ಇದು ಅಮೆರಿಕ ಖಂಡದ ಹಣ್ಣು, ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ಹರಡಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಆದರೂ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1879ರ ತಮ್ಮ ಗ್ರಂಥದಲ್ಲಿ ಭಾರ್ಹುತ್ ಸ್ತೂಪದ ಶಿಲ್ಪದಲ್ಲಿ ಸೀತಾಫಲವನ್ನು ಕಂಡೆನೆಂದರು. 1989ರಲ್ಲಿ ಅಮೆರಿಕದ ಭೂಗೋಳತಜ್ಞ ಕಾರ್ಲ್ ಜೊಹಾನೆಸೆನ್ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆಯೆಂದರು; 1993ರಲ್ಲಿ ಭಾರತದ ವಿಜ್ಞಾನಿಗಳು ಅದು ಮೆಕ್ಕೆಜೋಳವಲ್ಲವೆಂದು ಉತ್ತರ ಕೊಟ್ಟರು. ಹಣ್ಣು ಕಲ್ಲಿಗೆ ಯಾವಾಗ ಬಂತು ಎಂಬುದಕ್ಕೆ ಇಷ್ಟೆಲ್ಲ ಚರ್ಚೆ. ಗಿಡಕ್ಕೆ ಹೇಗೆ ಬರುತ್ತದೆ ಎಂಬುದಕ್ಕೆ ಹೂವನ್ನೇ ಬಿಡಿಸಿ ನೋಡಬೇಕು.

ಸೀತಾಫಲದ ಹೂವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರು ಬಣ್ಣ, ಮೂರೇ ದಪ್ಪ ಎಸಳು, ನೆಲ ನೋಡುವ ಮುಖ. ಈ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಹೆಣ್ಣಾಗಿದ್ದಾಗ ಎಸಳು ಸ್ವಲ್ಪವೇ ಬಿರಿದಿರುತ್ತದೆ. ಜೇನು ನುಗ್ಗಲು ಜಾಗವಿಲ್ಲ, ಅಕ್ಕಿಹುಳುವಿನಷ್ಟು ಗಾತ್ರದ ಚಿಪ್ಪುದುಂಬಿಗೆ ಉಂಟು. ಹಣ್ಣಿನ ಹುಳಿವಾಸನೆ ಹಿಡಿದು ಅದು ಒಳಗೆ ಸೇರುತ್ತದೆ. ಎಸಳು ಪೂರಾ ತೆರೆದು ಪರಾಗ ಉದುರುವ ಹೊತ್ತಿಗೆ ಮೈತುಂಬ ಅದನ್ನು ಬಳಿದುಕೊಂಡು ಇನ್ನೊಂದು ಹೆಣ್ಣುಹೂವಿಗೆ ಹೋಗುತ್ತದೆ. ಸೀತಾಫಲದ ಒಂದೊಂದು ಕಣ್ಣೂ ಹೂವಿನ ಒಂದೊಂದು ಗರ್ಭಕೋಶ. ಪರಾಗ ಎಲ್ಲಕ್ಕೂ ಮುಟ್ಟಿದರೆ ಹಣ್ಣು ದುಂಡಗೆ. ಮುಟ್ಟದ ಕಡೆ ಸೊಟ್ಟ. ಬುಟ್ಟಿಯಲ್ಲಿ ನಾವು ಆರಿಸಿ ಪಕ್ಕಕ್ಕಿಡುವ ಸೊಟ್ಟ ಹಣ್ಣಿನಲ್ಲಿ ಎಷ್ಟೋ ಸಲ ಆ ಸಣ್ಣ ಅತಿಥಿ ಬಾರದ ದಿನದ ಗುರುತಿರುತ್ತದೆ. ಇದೇ ಜಾತಿಯ ಚೆರಿಮೋಯ ಹಣ್ಣನ್ನು ಬೆಳೆಯುವ ಸ್ಪೇನ್, ಕ್ಯಾಲಿಫೋರ್ನಿಯಾಗಳಲ್ಲಿ ಸರಿಯಾದ ಚಿಪ್ಪುದುಂಬಿಗಳಿಲ್ಲದೆ ಮನುಷ್ಯರೇ ಕುಂಚ ಹಿಡಿದು ಹೂವಿಂದ ಹೂವಿಗೆ ಪರಾಗ ಬಳಿಯುತ್ತಾರೆ.

ಸಾರಿಗೆ ಹಾಕುವ ಸುವರ್ಣಗೆಡ್ಡೆಯೂ ಇವರ ಋಣದಲ್ಲಿದೆ: ಕೊಳೆತ ಮಾಂಸದ ನಾತ ಬೀರುವ ಅದರ ಹೂಗೊಂಚಲು ಚಿಪ್ಪುದುಂಬಿಗಳನ್ನು ಕರೆಯುವ ಉಪಾಯ. ಪಾಯಸಕ್ಕೆ ತೇಯುವ ಜಾಯಿಕಾಯಿಯ ಹೂವಿಗೆ ರಾತ್ರಿಯ ಹೊತ್ತು ಇರುವೆಯಂಥ ಪುಟ್ಟ ಚಿಪ್ಪುದುಂಬಿ ಬರುತ್ತದೆಂದು ದಕ್ಷಿಣ ಭಾರತದ ತೋಟದಲ್ಲಿ ಅಭ್ಯಾಸ ಮಾಡಿದವರು 1986ರಲ್ಲಿ ಪ್ರಕಟಿಸಿದರು.

ಇವರ ಕೆಲಸಕ್ಕೆ ಲೆಕ್ಕ ಬರೆದ ಒಂದು ಪ್ರಸಂಗ ಮಾತ್ರ ಇತಿಹಾಸದಲ್ಲಿದೆ. ನಮ್ಮ ತೆಂಗಿನ ದಾಯಾದಿಯಾದ ಎಣ್ಣೆತಾಳೆ ಆಫ್ರಿಕದ ಮರ. ಅದನ್ನು ಮಲೇಷಿಯಾಕ್ಕೆ ಒಯ್ದು ದೊಡ್ಡ ತೋಟಗಳನ್ನು ಮಾಡಿದರು. ಮರ ಬೆಳೆಯಿತು, ಕಾಯಿ ಸರಿಯಾಗಿ ಕಚ್ಚಲಿಲ್ಲ. ಗಾಳಿಯೇ ಪರಾಗ ಒಯ್ಯುತ್ತದೆಂದು ನಂಬಿದ್ದವರು ಕೂಲಿಯಾಳುಗಳನ್ನಿಟ್ಟು ಹೆಣ್ಣುಗೊನೆಗಳಿಗೆ ಕೈಯಿಂದಲೇ ಪರಾಗ ಊದಿಸಿದರು. ಆ ಕೂಲಿ ಪ್ರತಿವರ್ಷದ ಖರ್ಚಿನಲ್ಲಿ ಸೇರುತ್ತಿತ್ತು. ಕೀಟತಜ್ಞ ಆರ್. ಎ. ಸೈಯದ್ ಆ ಮರದ ತೌರಾದ ಕ್ಯಾಮರೂನಿಗೆ ಹೋಗಿ ನೋಡಿದಾಗ, ಸೋಂಪಿನಂಥ ವಾಸನೆಯ ಗಂಡುಗೊನೆಗಳಲ್ಲಿ ಸಾವಿರಾರು ಸಣ್ಣ ಮೂತಿಹುಳುಗಳು ಸಂಸಾರ ಹೂಡಿದ್ದವು. ಅದೇ ವಾಸನೆಗೆ ಮರುಳಾಗಿ ಹೆಣ್ಣುಗೊನೆಗೂ ಹೋಗಿ ಬರುತ್ತಿದ್ದವು. ಮರವನ್ನು ಕರೆದುಕೊಂಡು ಬಂದವರು ಅದರ ಸಂಗಾತಿಯನ್ನು ಅಲ್ಲೇ ಬಿಟ್ಟಿದ್ದರು. 1981ರಲ್ಲಿ ಆ ಹುಳುಗಳನ್ನು ಮಲೇಷಿಯಾದಲ್ಲಿ ಬಿಟ್ಟರು. ಕಾಯಿ ತುಂಬಿ ಬಂತು, ಕೈಯಿಂದ ಪರಾಗ ಊದುವ ಕೆಲಸ ನಿಂತಿತು. 1985ರಲ್ಲಿ ಅವು ಕೇರಳಕ್ಕೂ ಬಂದವು. ಇಂದು ನಮ್ಮ ಬಾಣಲೆಯಲ್ಲಿ ಪೂರಿ ಕರಿಯುವ ಪಾಮ್ ಎಣ್ಣೆಯ ಹಿಂದೆ ಅಕ್ಕಿಹುಳುವಿನ ಈ ನೆಂಟರ ದುಡಿಮೆಯಿದೆ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎಣ್ಣೆಯಲ್ಲ, ಆ ಖರ್ಚಿನ ಬಾಬತ್ತು. ಆಳು ಮಾಡಿದಾಗ ಅದು ಕೂಲಿ. ಹುಳು ಮಾಡಿದಾಗ ಲೆಕ್ಕದ ಪುಸ್ತಕದಲ್ಲಿ ಆ ಸಾಲೇ ಇಲ್ಲ. ಮನೆಯೊಳಗಿನ ಕೆಲಸ ಬಲ್ಲ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಜ್ವರ ಬಂದು ಮಲಗಿದಾಗಲೇ ದಿನವೂ ಏನು ನಡೆಯುತ್ತಿತ್ತೆಂಬುದು ಮನೆಗೆ ಗೊತ್ತಾಗುವುದು. ತರಗತಿಯಲ್ಲಿ ಪರಾಗಸ್ಪರ್ಶದ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಜೇನು, ಚಿಟ್ಟೆಗಳ ಜೊತೆಗೆ ಈ ಚಿಪ್ಪಿನ ಬೆನ್ನನ್ನೂ ಬರೆಯುವುದು ಅದಕ್ಕಾಗಿ.

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಬಂತು. ಕಲ್ಲಿನ ಹೂಗಳಿಗೆ ಕಾವಲು ಸಿಕ್ಕಿತು, ಸಂತೋಷ. ಜೀವಂತ ಹೂವಿನ ಅತಿಥಿಗಳಿಗೆ ಬೇಕಾದ್ದು ಕಾವಲಲ್ಲ, ಒಂದಿಷ್ಟು ಅಲಕ್ಷ್ಯ. ಈ ಹುಳುಗಳಲ್ಲಿ ಅನೇಕ ಬಗೆಯವುಗಳ ಬಾಲ್ಯ ಕಳೆಯುವುದು ತರಗೆಲೆಯ ಅಡಿಯಲ್ಲಿ, ಲಡ್ಡು ಮರದಲ್ಲಿ, ಕೊಳೆತ ಹಣ್ಣಿನಲ್ಲಿ. ಹಿತ್ತಲಿಗೆಲ್ಲ ಸಿಮೆಂಟು ಬಳಿದು, ಉದುರಿದ್ದನ್ನೆಲ್ಲ ಗುಡಿಸಿ ಸುಟ್ಟು, ಹೂ ಬಿಟ್ಟ ಗಿಡಕ್ಕೆ ಔಷಧಿ ಹೊಡೆದರೆ ಅವು ಎಲ್ಲಿಗೆ ಹೋಗಬೇಕು? ಸಂಪಿಗೆಯ ಮೊಗ್ಗನ್ನೆಲ್ಲ ಬಿಡಿಸಿಬಿಟ್ಟರೆ ಬೀಜ ಎಲ್ಲಿಂದ? ಮೇಲಿನ ಕೊಂಬೆಯವನ್ನಾದರೂ ಮರಕ್ಕೆ ಬಿಡಬಹುದು. ಹಿತ್ತಲಲ್ಲಿ ಸೀತಾಫಲವಿದ್ದವರು ಬುಡದಲ್ಲಿ ಬಿದ್ದ ನಾಲ್ಕು ಹಣ್ಣನ್ನು ಹಾಗೇ ಇರಗೊಡಬಹುದು. ಆ ಹುಳಿವಾಸನೆಗೆ ಬೇಕಾದವರು ಬರುತ್ತಾರೆ; ಕೆಲವು ದೇಶಗಳಲ್ಲಿ ಕೊಳೆತ ಹಣ್ಣಿನ ವಾಸನೆಯೊಡ್ಡಿ ಅವುಗಳನ್ನು ಕರೆಯುವ ಪ್ರಯೋಗಗಳೇ ನಡೆದಿವೆ. ಮುಂಗಾರಿನ ಹೊತ್ತಿಗೆ ಗಿಡ ಹೂ ಬಿಟ್ಟಾಗ ಒಂದು ಎಸಳನ್ನು ಮೆಲ್ಲಗೆ ಸರಿಸಿ ನೋಡಿ. ಒಳಗೆ ಕಂದುಬಣ್ಣದ ಹುಳು ಕಂಡರೆ ಕೊಡವಬೇಡಿ, ಎಸಳನ್ನು ಹಿಂದಕ್ಕೆ ಬಿಟ್ಟುಬಿಡಿ. ದಸರೆ, ದೀಪಾವಳಿಯ ಹೊತ್ತಿಗೆ ಆ ಹೂವು ದುಂಡಗಿನ ಹಣ್ಣಾಗಿ ಬುಟ್ಟಿಗೆ ಬಂದೀತು.